ತುಂಬಿದ ಬಟ್ಟಲು

ಕಿರ್ಗಿಜರ ನಾಡಿನ ನಮ್ಮ ಓಶ್ ಕಡೆ ಬೇಕಾದ ಅತಿಥಿಗೆ ಅರ್ಧ ಬಟ್ಟಲು ಚಹಾ ಕೊಟ್ಟು, ಮುಗಿದಂತೆಲ್ಲ ಮತ್ತೆ ಸುರಿಯುತ್ತಾರೆ. ಅಂಚಿನವರೆಗೆ ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದರ್ಥ. ನಾವು ಲ್ಯೂಲಿ ಜನ. ಭಿಕ್ಷುಕರ ಕುಲ ಎಂದು ಕಿರ್ಗಿಜರು ಮೂಗು ಮುರಿಯುತ್ತಾರೆ. ನಮಗೆ ಹೋದಲ್ಲೆಲ್ಲ ಸಿಗುವುದು ತುಂಬಿದ ಬಟ್ಟಲೇ.

ನೌರೂಜ್ ಹಬ್ಬದ ಕುಸ್ತಿಗೆ ತಂಗಿ ಸನೋಬರಳನ್ನು ಸೇರಿಸಲು ಹೋದಾಗ ಊರ ಹಿರಿಯ ತುರ್ದುಬೆಕ್ ಕೂಡ ಚಹಾವನ್ನು ಅಂಚಿನವರೆಗೇ ಸುರಿದ.

"ಬೇಡೋ ಕೈಗೆ ಪಟ್ಟು ಹಾಕೋಕೆ ಬರುತ್ತೇನೇ?" ಎಂದು ನಕ್ಕ.

"ಹಾಕಿದಾಗ ನೋಡೀರಂತೆ ಬಿಡಜ್ಜ," ಎಂದಳು ಅವಳು.

ಹಾಕಿಯೇಬಿಟ್ಟಳು! ಕಳೆದ ವರ್ಷ ಗೆದ್ದವಳ ಸೊಂಟದ ಪಟ್ಟಿಗೆ ಕೈ ಹಾಕಿ, ಅನಾಮತ್ತಾಗಿ ಎತ್ತಿ ಕೆಡವಿದಳು. "ಎತ್ತೇ, ಎತ್ತಿ ಹಾಕೇ!" ಎಂದು ಕೂಗಿ ಕೂಗಿ ನನ್ನ ಗಂಟಲೇ ಕಟ್ಟಿತು. ಬೆಳಿಗ್ಗೆ ಅವಳನ್ನು ನೋಡಿ ಸಿಳ್ಳೆ ಹೊಡೆದು ಅಣಕಿಸಿದವರೇ ಈಗ "ಸನೋಬರ್! ಸನೋಬರ್!" ಎಂದು ಕುಣಿಯುತ್ತಿದ್ದರು. ಬಹುಮಾನದ ಟಗರನ್ನು ಹೆಗಲ ಮೇಲೆ ಹೊತ್ತುಕೊಂಡೇ ಅವಳು ನಮ್ಮ ಕೇರಿಗೆ ಓಡಿದಳು.

ಸಂಜೆ ತುರ್ದುಬೆಕ್ ಮೊದಲ ಸಲ ನಮ್ಮ ಹೊಸಿಲು ದಾಟಿದ.

"ಇವಳು ನಮ್ಮೂರ ಮಗಳು ಕಣಮ್ಮಾ! ನಂಗೆ ಮೊದಲೇ ಗೊತ್ತಿತ್ತು. ಮುಂದಿನ ಪಂದ್ಯಕ್ಕೆ ನಮ್ಮ ಹೆಸರಲ್ಲೇ ಇಳಿಸೋಣ."

ಅಮ್ಮ ನಗುನಗುತ್ತಲೇ ಕೆಟಲ್ ಬಾಗಿಸಿದಳು. ಚಹಾ ಅರ್ಧ ದಾಟಿತು. ಅವನ ಕಣ್ಣು ಬಟ್ಟಲಿಗೆ ಇಳಿಯಿತು. ಅಂಚಿನಲ್ಲಿ ಚಹಾ ತುಳುಕುವಾಗ ಅಮ್ಮ ಎರಡೂ ಕೈಯಲ್ಲಿ ಬಟ್ಟಲನ್ನು ಮುಂದೆ ಹಿಡಿದಳು.

"ಬಿಸಿ ಇದೆ ಯಜಮಾನ್ರೇ, ಆರಿಸ್ಕೊಂಡು ಕುಡೀರಿ."