ಅಳುವ ಪಾಠ

“ಮೊದಲು ತಲೆ ತಗ್ಗಿಸು. ಮನಸ್ಸಲ್ಲೇ ಮೂರು ಎಣಿಸು. ಆಮೇಲೆ ಅಮ್ಮನ ಸುದ್ದಿ ಎತ್ತು. ಕಣ್ಣೀರು ಬರದಿದ್ರೆ ಮೂಗು ಎಳಿ, ಸಾಕು. ಮೇಡಂ ಬೆಣ್ಣೆ ಹಾಗೆ ಕರಗ್ತಾರೆ.”

ಕಿಟಕಿಯಾಚೆ ಆಪ್ತಸಮಾಲೋಚಕಿ ಕಲ್ಲಾಗಿ ನಿಂತಳು. ಬಾಲಮಂದಿರದ ಕಿರಿಯರಿಗೆ ಪಾಠ ಹೇಳುತ್ತಿದ್ದವನು ಇವತ್ತು ಬಿಡುಗಡೆಯಾಗಬೇಕಿದ್ದ ಹದಿನೇಳರ ಹುಡುಗ. ಎರಡು ವರ್ಷದ ಹಿಂದೆ ಮುದುಕನೊಬ್ಬನಿಗೆ ಸಲಾಕೆಯಿಂದ ಹೊಡೆದು ಅವನ ಕಣ್ಣು ಕಳೆದವನು. ಅವನ ಪಶ್ಚಾತ್ತಾಪದ ಬಗ್ಗೆ ಅವಳು ಒಂಬತ್ತು ಪುಟದ ವರದಿ ಬರೆದಿದ್ದಳು.

ಅವನನ್ನು ತನ್ನ ಕೋಣೆಗೆ ಕರೆಸಿದಳು. ಕೋಣೆಯ ಫಿನಾಯಿಲ್ ವಾಸನೆ ಗಂಟಲಿಗೆ ಅಂಟಿತು.

“ಆ ಮುದುಕ ನೆನಪಾಗ್ತಾನಾ?”

“ದಿನಾ ಮೇಡಂ.” ತಲೆ ತಗ್ಗಿಸಿದ.

“ನಾಟಕ ಬೇಡ. ನಿಜ ಹೇಳು.”

ತಲೆಯೆತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. “ನಿಜ ಮೊದಲನೇ ದಿನವೇ ಹೇಳಿದ್ನಲ್ಲ ಮೇಡಂ. ಏನೂ ಅನ್ಸಲ್ಲ ಅಂದೆ. ಅನ್ಸೋವರೆಗೂ ಮನೆಗೆ ಹೋಗೋ ಹಾಗಿಲ್ಲ ಅಂದ್ರಿ.”

ಹನ್ನೊಂದಕ್ಕೆ ಬಿಡುಗಡೆ ನಿರ್ಧರಿಸುವ ಸಮಿತಿ ಕೂತಿತು. “ಸುಧಾರಿಸಿದ್ದಾನಲ್ವಾ?” ಅಧ್ಯಕ್ಷರು ಬಿಸ್ಕತ್ತನ್ನು ಚಹಾಕ್ಕೆ ಅದ್ದಿದರು.

‘ಇಲ್ಲ’ ನಾಲಿಗೆಯ ತುದಿಗೆ ಬಂತು. ಇಲ್ಲವೆಂದರೆ ಆ ಒಂಬತ್ತು ಪುಟ? ಈ ಹಿಂದೆ ಅವಳ ಮಾತಿನ ಮೇಲೆ ಹೊರಹೋದ ಹುಡುಗರೆಲ್ಲ?

“ಹೌದು ಸರ್.”

ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅಧ್ಯಕ್ಷರು ಎಡಗೈ ಬೆರಳಿಂದ ಅದನ್ನು ಕೆದಕುತ್ತಲೇ ಬಲಗೈಯಿಂದ ಸಹಿ ಹಾಕಿದರು. ಅವಳು ಕಡತ ಮುಚ್ಚಿ ಎದ್ದಳು.

ಗೇಟಿನ ಬಳಿ ಹುಡುಗನ ತಾಯಿ ಕಾದಿದ್ದಳು. ಮಗನಿಗೆ ಕೇಳಿಸದಂತೆ ಪಿಸುಗುಟ್ಟಿದಳು: “ಇನ್ನೊಂದು ವರ್ಷ ಇಟ್ಕೊಳ್ಳಿ ತಾಯಿ. ಮನೇಲಿ ಚಿಕ್ಕ ಹುಡುಗಿ ಇದಾಳೆ.”

“ಬದಲಾಗಿದ್ದಾನಮ್ಮ.”

“ನಿಮ್ಮನೇಲಿ ಇಟ್ಕೋತೀರಾ?”

“ಬಸ್ಸು ಬಂತು ನೋಡಿ,” ಎಂದಳು ಸಮಾಲೋಚಕಿ.

ತಾಯಿ ಓಡಿಹೋಗಿ ಹತ್ತಿದಳು. ತಿರುಗಿ ನೋಡಲಿಲ್ಲ. ಬಸ್ಸು ಹೊರಟಿತು. ಬಟ್ಟೆಯ ಗಂಟು ಹಿಡಿದ ಹುಡುಗ ರಸ್ತೆಯಲ್ಲೇ ಉಳಿದ. ಅವಳು ನೋಡದವಳಂತೆ ಒಳಗೆ ನಡೆದಳು.

ಸಂಜೆ ಐದಕ್ಕೆ ಅವಳು ಮನೆಗೆ ಹೊರಟಾಗ ಗೇಟಿನವನು ದಿಡ್ಡಿ ಬಾಗಿಲು ತೆರೆದ. ಹೊಸ್ತಿಲಿಗೆ ಅಡ್ಡ ಕಾಲು ಚಾಚಿ ಹುಡುಗ ಕೂತಿದ್ದ.

“ಮಧ್ಯಾಹ್ನದಿಂದ ಹೀಗೇ ಮೇಡಂ. ಒಳಗೆ ಬಿಡೋಕೆ ನನಗೆ ಆರ್ಡರಿಲ್ಲ.”

“ಕಾಲು ತೆಗಿ,” ಎಂದಳು.

“ತೆಗೆದು ಎಲ್ಲಿಡ್ಲಿ ಮೇಡಂ?”

ದಾಟಿಬಿಡೋಣವೆಂದು ಒಂದು ಕಾಲೆತ್ತಿದಳು. ಚಪ್ಪಲಿ ಜಾರಿ ಅವನ ಮಡಿಲಿಗೆ ಬಿತ್ತು. ಹುಡುಗ ಅದನ್ನೆತ್ತಿ, ಅಂಗಿಯ ಚುಂಗಿನಿಂದ ನಿಧಾನವಾಗಿ ಧೂಳೊರೆಸಿ, ಕೈ ಮೇಲೆತ್ತಿ ಹಿಡಿದ. ತೊಡಿಸಲೋ, ಬೀಸಿ ಹೊಡೆಯಲೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ.

ಬರಿಗಾಲನ್ನು ಗಾಳಿಯಲ್ಲಿ ಹಿಡಿದು, ದಿಡ್ಡಿಯ ಚೌಕಟ್ಟಿಗೆ ಕೈಯೂರಿ ಅವಳು ನಿಂತೇ ಇದ್ದಳು.