ಊರಿಗೆಲ್ಲ ಒಂದೇ ಪಾಸ್‌ವರ್ಡ್

ಬೇತಮಂಗಲದ ಹತ್ತಿರದ ಹಳ್ಳಿಯ ವರಲಕ್ಷ್ಮಮ್ಮ ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಎತ್ತಿದ ಕೈ. ಕಟ್ಟಿದ್ದನ್ನು ಫೇಸ್‌ಬುಕ್‌ಗೆ ಹಾಕುತ್ತಿದ್ದಳು. ಬಂಗಾರಪೇಟೆ, ಕಾಮಸಮುದ್ರದಿಂದಲೂ ಸೀರೆ ಬರುತ್ತಿದ್ದವು. ಒಂದು ಬೆಳಿಗ್ಗೆ ನಾದಿನಿ ಶಶಿರೇಖ ಫೋನಿನಲ್ಲೇ ಹರಿಹಾಯ್ದಳು.

"ಏನತ್ತಿಗೆ, ನಿಂಗೇನ್ ಬಂತು ಕೇಡುಗಾಲ? ನಮ್ಮೆಜಮಾನ್ರಿಗೆ ಅಂಥ ಗಲೀಜು ಚಿತ್ರ ಕಳ್ಸಿದ್ದೀಯಲ್ಲ!"

ವರಲಕ್ಷ್ಮಮ್ಮ ಯಾರಿಗೂ ಏನೂ ಕಳಿಸಿರಲಿಲ್ಲ. ಫೇಸ್‌ಬುಕ್ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು. ಮಧ್ಯಾಹ್ನ, ಅಂಥದ್ದೇ ಚಿತ್ರ ತಮಗೂ ಬಂತೆಂದು ಗಿರಾಕಿಗಳು ಬಂದು, ಕುಚ್ಚು ಕಟ್ಟಿಸದೆಯೇ ಸೀರೆ ವಾಪಸ್ ಒಯ್ದರು. ಗಂಡ ಮುನಿಸ್ವಾಮಪ್ಪ ತೀರ್ಪು ಕೊಟ್ಟೇಬಿಟ್ಟ: "ಫೋನೂ ಬ್ಯಾಡ, ಕುಚ್ಚೂ ಬ್ಯಾಡ. ಮಾನ ಓದ್ಮೇಲೆ ಇನ್ನೇನೈತೆ?"

ಸಂಜೆ ಮಹಿಳಾ ಸಂಘದಲ್ಲಿ ವರಲಕ್ಷ್ಮಮ್ಮ ಅತ್ತೇಬಿಟ್ಟಳು. ರಾಬರ್ಟ್‌ಸನ್‌ಪೇಟೆಯಿಂದ ಹೊಲಿಗೆ ಕಲಿಸಲು ಬರುವ ಸೆಲ್ವಿ ಕೇಳಿದಳು, "ಅಕ್ಕಾ, ಯಾವ್ದಾದ್ರೂ ಲಿಂಕ್ ಒತ್ತಿದ್ರಾ?"

"ಪುಗಸಟ್ಟೆ ರೇಷ್ಮೆ ಸೀರೆ ಅಂತ ಬಂದಿತ್ತು. ಫೇಸ್‌ಬುಕ್ ಪಾಸ್‌ವರ್ಡ್ ಕೇಳ್ತು, ಆಕ್ದೆ."

"ಅಲ್ಲೇ ಓಯ್ತು ನೋಡಿ. ಅದು ಫೇಸ್‌ಬುಕ್ ಅಲ್ಲ, ಕಳ್ಳರು ಮಾಡಿಟ್ಟ ನಕಲಿ."

"ನನ್ನತ್ರ ಕದಿಯಾಕೆ ಏನೈತಮ್ಮ? ನಾನೇನ್ ಸಾವ್ಕಾರ್ತೀನಾ?"

"ನಿಮ್ಮೆಸ್ರು ಐತಲ್ಲಕ್ಕ! ಕಳ್ಳನಿಗೆ ನೀವ್ಯಾರೋ ಗೊತ್ತಿಲ್ಲ. ಸಾವಿರಾರು ಜನದ ಪಾಸ್‌ವರ್ಡ್ ಗುಡ್ಡೆ ಆಕಿ, ಟೊಮೇಟೊ ಮಾರ್ದಂಗೆ ಮಾರ್ತಾನೆ. ಕೊಂಡೋನು ನಿಮ್ಮೆಸ್ರಲ್ಲಿ ಏನ್ ಬೇಕಾದ್ರೂ ಕಳಿಸ್ತಾನೆ. ನಿಮ್ಮನ್ನ ನಂಬೋರು ಬೀಳ್ತಾರೆ. ಪಾಸ್‌ವರ್ಡ್ ಏನಿತ್ತು?"

"ಮೊಬೈಲ್ ಅಂಗ್ಡಿ ಮುನಿರಾಜ್ ಇಟ್ಕೊಟ್ಟಿದ್ದು. ನಮ್ಮೂರೆಸ್ರು, ಆಮೇಲೆ ಒಂದು ಎರಡು ಮೂರು."

ಪಕ್ಕದಲ್ಲಿ ಕೂತಿದ್ದ ಪಾಪಕ್ಕ ತಟ್ಟನೆ ತಿರುಗಿದಳು. "ಅಯ್ಯೋ, ನಂದೂ ಅದೇ!"

"ನಂದೂ!" ಎಂದಳು ಮುತ್ಯಾಲಮ್ಮ.

ಎಲ್ಲರೂ ನಕ್ಕರು. ಆಮೇಲೆ, ಒಬ್ಬರದು ಕಳ್ಳನಿಗೆ ಸಿಕ್ಕರೆ ಎಲ್ಲರದೂ ಸಿಕ್ಕಂತೆ ಎಂದು ಹೊಳೆದು, ತಮ್ಮ ತಮ್ಮ ಫೋನ್ ತೆಗೆದು ಸೆಲ್ವಿಯ ಮುಂದಿಟ್ಟರು. ಮುನಿರಾಜ್ ಮೋಸಗಾರನೇನಲ್ಲ. ಗಿರಾಕಿಗಳು ಮರೆಯದಿರಲಿ ಎಂದು ಎಲ್ಲರಿಗೂ ಒಂದನ್ನೇ ಇಟ್ಟಿದ್ದ, ಪುಣ್ಯಾತ್ಮ!

ಪುಣ್ಯಕ್ಕೆ ವರಲಕ್ಷ್ಮಮ್ಮನ ಫೋನ್ ನಂಬರು ಖಾತೆಯಲ್ಲಿ ಹಾಗೇ ಉಳಿದಿತ್ತು. ಸೆಲ್ವಿ ಅದರಿಂದಲೇ ಖಾತೆ ಬಿಡಿಸಿ, ಕಳ್ಳರು ಬೇರೆ ಫೋನುಗಳಲ್ಲಿ ಅದನ್ನು ತೆರೆದಿಟ್ಟಿದ್ದನ್ನೆಲ್ಲ ಮುಚ್ಚಿಸಿದಳು. ಒಬ್ಬೊಬ್ಬರಿಗೂ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್ ಇಡಿಸಿ, ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಓಟಿಪಿ ಸಂಖ್ಯೆಯನ್ನೂ ಕೇಳುವ ಎರಡು ಹಂತದ ಭದ್ರತೆ ಹಾಕಿಸಿ, ಆ ಸಂಖ್ಯೆಯನ್ನು ಯಾರಿಗೂ ಹೇಳಬಾರದು ಎಂದಳು. ಅಷ್ಟರಲ್ಲಿ ಮುತ್ಯಾಲಮ್ಮನ ಫೋನ್ ಬಡಿದುಕೊಂಡಿತು. "ನಿಮಗೆ ಒಂದು ಓಟಿಪಿ ಬಂದಿದೆ, ಹೇಳಿ ಮೇಡಂ," ಎಂದಿತು ನಯವಾದ ಗಂಡು ದನಿ.

"ನಿನ್ ಬಾಯಿಗ್ ಮಣ್ಣಾಕ!" ಎಂದು ಮುತ್ಯಾಲಮ್ಮ ಫೋನ್ ಇಟ್ಟಳು.

ಹೆಂಡತಿಯನ್ನು ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದ ಮುನಿಸ್ವಾಮಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಲ್ಲೇ ನಿಂತು ತಂಗಿಗೆ ಫೋನ್ ಮಾಡಿದ. "ಶಶಿ, ಅದು ನಿಮ್ಮತ್ತಿಗೆ ಕಳ್ಸಿದ್ದಲ್ಲ ಕಣಮ್ಮ. ಯಾವನೋ ಕಳ್ಳ. ನಾನೂ ದುಡುಕಿ ಮಾತಾಡ್ಬಿಟ್ಟೆ." ಆಮೇಲೆ ತನ್ನ ಫೋನನ್ನು ಹೆಂಡತಿಯ ಕೈಗೇ ಕೊಟ್ಟ. "ನಂದೂ ಮುನಿರಾಜ್ ಇಟ್ಟಿದ್ದೇ. ನೀನೇ ಬದ್ಲಾಯ್ಸು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಪಾಸ್‌ವರ್ಡ್ ಇಟ್ಟವರು ಯಾರು? ಬೇರೆಯವರಾದರೆ ಇವತ್ತೇ ಬದಲಾಯಿಸಿ. ಓಟಿಪಿ ಯಾರಿಗೂ ಹೇಳಬೇಡಿ. ಮೋಸವಾದರೆ ನಾಚಿಕೊಂಡು ಕೂರಬೇಡಿ; 1930ಕ್ಕೆ ಫೋನ್ ಮಾಡಿ, ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಕದ್ದವನು ಕಳ್ಳ, ನೀವ್ಯಾಕೆ ತಲೆ ತಗ್ಗಿಸಬೇಕು?