ರಾಣಿಯ ರಥದ ಹೇಸರಗತ್ತೆ

ನನ್ನ ತಮ್ಮ ಲುನನ್ನನ ಕೈ ಚಿನ್ನ, ತಲೆ ಮಾತ್ರ ಬರೀ ಮಣ್ಣು. ಉರ್ ಪಟ್ಟಣದ ಅರಮನೆಗೆ ಅವನೇ ಅಕ್ಕಸಾಲಿ. ಆ ವರ್ಷ ರಾಣಿಯ ರಥದ ಮೂಕಿಗೆ ಲಗಾಮಿನ ಬಳೆ ಮಾಡುವ ಕೆಲಸ ಅವನಿಗೆ ಬಂತು. ಹಗ್ಗ ಹಾಯಲು ಎರಡು ಬೆಳ್ಳಿ ಬಳೆ, ಅವುಗಳ ನೆತ್ತಿಯ ಮೇಲೆ ರಥ ಎಳೆಯುವ ಪ್ರಾಣಿಯದೇ ಒಂದು ಚಿನ್ನದ ಗೊಂಬೆ. ಎತ್ತಾಗಿದ್ದರೆ ಅವನು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ. ಈ ಸಲ ರಾಣಿಗೆ ಉತ್ತರದ ಸೀಮೆಯಿಂದ ಹೇಸರಗತ್ತೆಗಳು ಬಂದಿದ್ದವು.

ಅವನ್ನು ನೋಡಲು ಹೋದರೆ ಪಾರುಪತ್ಯಗಾರ ಮೆಸ್ಜಿ ಲಾಯದ ಬಾಗಿಲಲ್ಲೇ ತಡೆದನಂತೆ.

"ಈ ಮಸಿ ಮೂತಿ ನೋಡಿ ಅವು ಬೆದರಿದ್ರೆ ನಿಮ್ಮಪ್ಪ ಬಂದು ಹಿಡೀತಾನೇನೋ?"

"ಮುಖ ನೋಡ್ದೆ ಗೊಂಬೆ ಹೆಂಗೆ ಮಾಡ್ಲಿ ಸ್ವಾಮಿ?"

"ಕತ್ತೆ ಮುಖ ಕಾಣದೋರು ಯಾರಿದ್ದಾರೆ? ಹೋಗು, ಹೋಗಿ ಮಾಡು."

ಅಷ್ಟಕ್ಕೇ ಬಿಡಲಿಲ್ಲ. ಅರಮನೆಯ ಚಿನ್ನ ಕಾಯುವ ನೆಪದಲ್ಲಿ ದಿನವೂ ನಮ್ಮ ಅಂಗಳಕ್ಕೇ ಬಂದು ಕೂತ. ನಮ್ಮ ಜವೆಗೋಧಿಯ ಹೆಂಡವನ್ನು ಕೊಳವೆಯಲ್ಲಿ ಹೀರುತ್ತ, ನಮ್ಮ ಒಣಮೀನು ಜಗಿಯುತ್ತ, ನನ್ನ ತಮ್ಮನನ್ನೇ ಬೈಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಲುನನ್ನ ಮಾತ್ರ ಅಚ್ಚಿಗೆಂದು ಮೊದಲು ಮಾಡುವ ಮೇಣದ ಗೊಂಬೆಯನ್ನು ತಿದ್ದುತ್ತಿದ್ದ. ತಲೆ ಎತ್ತಿದಾಗಲೆಲ್ಲ ಎದುರಿಗಿದ್ದದ್ದು ಅದೊಂದೇ ಮುಖ.

ಮೇಣದ ಗೊಂಬೆ ಮುಗಿದ ಸಂಜೆ ಮೆಸ್ಜಿ ಮನೆಗೆ ಹೋದ ಮೇಲೆ ನಾನು ಅದನ್ನು ನೋಡಿದೆ. ಕಿವಿ ಸರಿ, ಬಾಲ ಸರಿ. ಆದರೆ ಆ ಜೋತುಬಿದ್ದ ಕೆಳತುಟಿ, ಅರೆ ಮುಚ್ಚಿದ ರೆಪ್ಪೆ, ಯಾರ ಮನೆಯಲ್ಲೋ ಏನೋ ಸೀದುಹೋದ ವಾಸನೆ ಹಿಡಿದಂತೆ ಮೇಲೆತ್ತಿದ ಮೂಗು!

"ಲೋ, ಏನೋ ಇದು?"

"ಯಾಕಕ್ಕಾ, ಕಿವಿ ಗಿಡ್ಡ ಆಯ್ತಾ?"

"ಕಿವಿ ಒಂದೇ ಕಣೋ ಕತ್ತೇದು! ಮಿಕ್ಕಿದ್ದೆಲ್ಲ ಮೆಸ್ಜಿ!"

ಅವನು ನೋಡಿದ. ಬೆಳಿಗ್ಗೆ ಎದ್ದು ತುಟಿ ಕೆರೆದುಬಿಡುತ್ತೇನೆ ಎಂದ.

ಬೆಳಿಗ್ಗೆ ಅವನಿಗಿಂತ ಮೊದಲು ಅವ್ವ ಎದ್ದಿದ್ದಳು. ಮೇಣಕ್ಕೆ ಮಣ್ಣು ಮೆತ್ತುವುದು ನಮ್ಮ ಕುಲದಲ್ಲಿ ಹಿರಿಯ ಹೆಂಗಸಿನ ಹಕ್ಕು. ಕಣ್ಣು ಮಂಜಾದರೂ ಅವಳು ಆ ಹಕ್ಕು ಬಿಟ್ಟವಳಲ್ಲ. ನಾವು ಎದ್ದು ನೋಡಿದರೆ ಗೊಂಬೆ ಮಣ್ಣಿನ ಮುದ್ದೆಯೊಳಗಿತ್ತು. ಇನ್ನು ಮೇಣ ಬೆಂಕಿಗೆ ಕರಗಿ ಹರಿದುಹೋಗಬೇಕು, ಅದರ ಜಾಗಕ್ಕೆ ಚಿನ್ನ ಇಳಿಯಬೇಕು. ಅಲ್ಲಿಯತನಕ ಒಳಗಿನ ಮುಖವನ್ನು ಮುಟ್ಟುವ ದಾರಿಯಿಲ್ಲ. ಹೊಸದು ಮಾಡೋಣವೆಂದರೆ ರಾಣಿಯ ರಥ ಹೊರಡುವ ಹಬ್ಬ ಬಾಗಿಲಿಗೆ ಬಂದಿತ್ತು.

"ಆಮೇಲೆ ಅರದಲ್ಲಿ ಉಜ್ಜಿದ್ರೆ?" ಎಂದೆ.

"ತೂಕ ಇಳಿಯುತ್ತಕ್ಕಾ. ಕಳ್ಳ ಅಂತಾರೆ. ಉಜ್ಜದೆ ಬಿಟ್ರೆ ಪಾರುಪತ್ಯಗಾರನ್ನ ಅಣಕಿಸ್ದ ಅಂತಾರೆ. ಎರಡರಲ್ಲಿ ಯಾವುದಾದ್ರೂ ಸರಿ, ಕಾಲುವೆ ಹೂಳೆತ್ತೋಕೆ ಹಾಕ್ತಾರೆ." ತನ್ನ ಬೆರಳುಗಳನ್ನೇ ನೋಡಿಕೊಂಡ. ನನಗೆ ಅಳು ಬಂತು. ಆ ಬೆರಳಿಗೆ ಗುದ್ದಲಿ ಕೊಟ್ಟರೆ ಒಂದು ಬೇಸಿಗೆಯಲ್ಲೇ ಮುಗಿಯಿತು.

ಅಚ್ಚು ಒಡೆಯುವಾಗ ಮೆಸ್ಜಿ ಎದುರಿಗೇ ಕುಕ್ಕರುಗಾಲಲ್ಲಿ ಕೂತಿದ್ದ. ಮಣ್ಣು ಉದುರಿತು. ಹಾಳಾದ್ದು, ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ತುಟಿಯ ಸುಕ್ಕೂ ಬಿಟ್ಟಿರಲಿಲ್ಲ.

ಮೆಸ್ಜಿ ಅದನ್ನು ಕೈಗೆತ್ತಿಕೊಂಡ. ಮುಖದ ಹತ್ತಿರ ತಂದ. ಇಬ್ಬರ ತುಟಿಯೂ ಒಂದೇ ಸಮ ಜೋತವು.

"ಹೇಸರಗತ್ತೆ ಸ್ವಾಮಿ!" ಲುನನ್ನ ಕಿರುಚಿದ. "ಬರೀ ಹೇಸರಗತ್ತೆ!"

"ಬಾಯ್ಮುಚ್ಚು. ನನಗೆ ಕಣ್ಣಿಲ್ವಾ?"

ಮೆಸ್ಜಿ ಅತ್ತಿತ್ತ ನೋಡಿ ದನಿ ಇಳಿಸಿದ.

"ನಮ್ಮಪ್ಪ ಸಾಯೋತನಕ ಅರಮನೆ ಚಾಕರಿ ಮಾಡ್ದ ಕಣಯ್ಯ. ಗುಡೀಲಿ ಅವನದ್ದೊಂದು ಕಲ್ಲಿನ ಗೊಂಬೆ ಇಡೋಕೂ ಅಪ್ಪಣೆ ಸಿಗ್ಲಿಲ್ಲ. ಈ ರಥ ರಾಣಿಯಮ್ಮನ ಜೊತೆ ಗೋರಿಗೂ ಹೋಗುತ್ತೆ. ನಾನು ಚಿನ್ನದಲ್ಲಿ ಇರ್ತೀನಿ... ಶಾಶ್ವತವಾಗಿ." ಅವನ ಕಣ್ಣಲ್ಲಿ ನೀರಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಅವನ ಮೇಲೆ ಅಯ್ಯೋ ಅನ್ನಿಸಿತು.

ಅಲ್ಲಿಗೆ ಸುಮ್ಮನಿರಬೇಕೋ ಬೇಡವೋ? ನನ್ನ ತಮ್ಮನ ಮಣ್ಣು ತಲೆ ಉಕ್ಕಿ ಹರಿಯಿತು.

"ಹಂಗಾದ್ರೆ ಕಿವಿ ಸ್ವಲ್ಪ ಚಿಕ್ಕದು ಮಾಡ್ಲಾ ಸ್ವಾಮಿ?"

ಮೆಸ್ಜಿ ಗೊಂಬೆಯನ್ನು ಎದೆಗವುಚಿಕೊಂಡ.

"ಕಿವಿ ಮುಟ್ಟಿದ್ರೆ ಜೋಕೆ! ಅದಿಲ್ದೇ ಹೋದ್ರೆ ನನ್ನನ್ನ ಯಾರಯ್ಯ ಆ ರಥ ಹತ್ತಿಸ್ತಾರೆ?"